ಮೆಚ್ಚುಗೆ ಮುನಿಸುಗಳಿಂದ ಬೆಳೆದ ರಂಗಸಂಗೀತ

ರಂಗಭೂಮಿಯ ಇತಿಹಾಸವನ್ನು ಬರೆಯುವವರು ನಾಟಕಕಾರರನ್ನೂ ನಟರನ್ನೂ ನೆನೆಯುತ್ತಾರೆ; ತಿಕೀಟು ಕೊಂಡು ಬೆಳಗಿನ ಜಾವದವರೆಗೆ ಕುಳಿತ ಪ್ರೇಕ್ಷಕನನ್ನು ಮಾತ್ರ ಮರೆಯುತ್ತಾರೆ. ಅವನ ಮೆಚ್ಚುಗೆ ಎಷ್ಟು ಮುಖ್ಯವೋ ಅವನ ಗೊಣಗಾಟವೂ ಅಷ್ಟೇ ಮುಖ್ಯ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಸಾಂಗಲಿ ಸೀಮೆಯಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಕನ್ನಡ, ಮರಾಠಿ ಎರಡನ್ನೂ ಬಲ್ಲ ನಮ್ಮ ಹಿರಿಯರು ಒಂದರ ಆಟವನ್ನು ಇನ್ನೊಂದರೊಡನೆ ತೂಗಿ ನೋಡಬಲ್ಲವರಾಗಿದ್ದರು.

ಈ ಕಥೆಯ ಮೊದಲಲ್ಲೇ ಒಂದು ಮೆಚ್ಚುಗೆ ಮತ್ತು ಒಂದು ಆಕ್ಷೇಪ ಇವೆ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಘಟ್ಟವೇರಿ ಸಾಂಗಲಿಗೆ ಬಂದು ಆಟವಾಡಿತು. ಪುರಾಣದ ಕಥೆಯನ್ನು ಹಾಡು, ಕುಣಿತ, ಮಾತುಗಳಲ್ಲಿ ಕಾಣಿಸುವ ಕ್ರಮ ಸಂಸ್ಥಾನಾಧಿಪತಿ ಚಿಂತಾಮಣರಾವ ಪಟವರ್ಧನರಿಗೆ ಹಿಡಿಸಿತು; ಅದರ ಒರಟುತನ ಮಾತ್ರ ರುಚಿಸಲಿಲ್ಲ. ಇಂಥದೇ ಆಟವನ್ನು ಇನ್ನಷ್ಟು ನಯವಾಗಿ ಮರಾಠಿಯಲ್ಲಿ ಕಟ್ಟುವಂತೆ ಅವರು ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ಪ್ರಯೋಗಗೊಂಡಿತು. ಆ ದಿನವನ್ನು ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಅದರ ಹಿಂದೆ ಕನ್ನಡದ ಚಂಡೆ ಮದ್ದಳೆಗಳಿದ್ದವೆಂಬುದನ್ನು ನಾವು ಅಭಿಮಾನದಿಂದ ನೆನೆಯಬಹುದು.

ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಜನಿಸಿದರು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರ ‘ಶಾಕುಂತಲ’ ರಂಗವೇರಿದಾಗ ಮರಾಠಿ ಸಂಗೀತ ನಾಟಕದ ಯುಗ ತೆರೆಯಿತು. ಕನ್ನಡ ಪದಗಳ ಮಟ್ಟುಗಳೂ ಆ ಸಂಗೀತದೊಳಗೆ ಸೇರಿಕೊಂಡವು. ಮರಾಠಿ ಮಂಡಳಿಗಳು ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದಲ್ಲೆಲ್ಲ ಜನ ಮುಗಿಬಿದ್ದರು. ಕನ್ನಡದ ನೆಲದಲ್ಲಿ ಕನ್ನಡದ ನಾಟಕವೇ ಇಲ್ಲವಲ್ಲ ಎಂಬ ಕೊರಗು ಹುಟ್ಟಿದ್ದೂ ಆ ಜನಸಂದಣಿಯ ನಡುವೆಯೇ. ಗದುಗಿನಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಈ ಕೊರಗನ್ನು ಮಾತಿನಲ್ಲಿ ಮುಗಿಸದೆ, ಸ್ವತಃ ಕನ್ನಡದಲ್ಲಿ ನಾಟಕಗಳನ್ನು ಬರೆದು ಮಂಡಳಿ ಕಟ್ಟಿದರು.

ಮುಂದೆ ಬಾಲಗಂಧರ್ವರ ಕಾಲದಲ್ಲಿ ‘ವನ್ಸ್ ಮೋರ್’ ಎಂಬ ಕೂಗು ನಾಟಕಗೃಹದ ಮಂತ್ರವಾಯಿತು. ಒಂದೇ ಪದವನ್ನು ಮತ್ತೆ ಮತ್ತೆ ಹಾಡಿಸುವವರು ಒಂದು ಕಡೆ. ಹಾಡಿನ ನಡುವೆ ಕಥೆ ಕಳೆದುಹೋಯಿತೆಂದು ಸಿಡುಕುವವರು ಇನ್ನೊಂದು ಕಡೆ. ಗವಾಯಿಗಳಿಗೂ ತಮ್ಮದೇ ಮುನಿಸಿತ್ತು. ಮಿರಜಿನಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರಿಗೆ ಶಿಷ್ಯ ರಾಮಭಾವು ಕುಂದಗೋಳಕರ ನಾಟಕ ಸೇರಿದ್ದು ಸಮ್ಮತವಾಗಲಿಲ್ಲ. ಆದರೆ ಪ್ರೇಕ್ಷಕರ ತೀರ್ಪು ಬೇರೆಯಾಗಿತ್ತು. ಅವರ ಮೆಚ್ಚಿನ ಕುಂದಗೋಳದ ಈ ಕನ್ನಡಿಗ ಮರಾಠಿ ರಂಗದಲ್ಲಿ ‘ಸವಾಯಿ ಗಂಧರ್ವ’ರೆನಿಸಿದರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಕಾಲುಪಾಲು ಹೆಚ್ಚು ಎಂದಂತಾಯಿತು.

ನಂತರ ಮಾತನಾಡುವ ಚಿತ್ರಗಳು ಬಂದವು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಎಂಬುದು ಗಡಿನಾಡಿಗರಾದ ನಮಗೆ ಗಮನಾರ್ಹ. ಕೆಲವೇ ಗಂಟೆಗಳಲ್ಲಿ, ಕಡಿಮೆ ದರಕ್ಕೆ ಆಟ ಮುಗಿಯತೊಡಗಿದ ಮೇಲೆ ಇರುಳಿಡೀ ನಡೆಯುವ ನಾಟಕಗಳಿಗೆ ಜನ ತಗ್ಗಿದರು. ದೊಡ್ಡ ಮಂಡಳಿಗಳು ಒಂದೊಂದಾಗಿ ಪರದೆ ಇಳಿಸಿದವು.

ನಾಟಕಗೃಹಗಳು ಮುಚ್ಚಿದರೂ ಎರಡು ಭಾಷೆಯ ಕಿವಿ ಮುಚ್ಚಲಿಲ್ಲ. ಸವಾಯಿ ಗಂಧರ್ವರ ಶಿಷ್ಯ ಭೀಮಸೇನ ಜೋಶಿಯವರು ಮರಾಠಿಯ ಅಭಂಗಗಳನ್ನೂ ಕನ್ನಡದ ದಾಸರ ಪದಗಳನ್ನೂ ಒಂದೇ ಭಕ್ತಿಯಿಂದ ಹಾಡಿದರು. ಅಭಂಗಕ್ಕೂ ದಾಸರ ಪದಕ್ಕೂ ಸಮನಾಗಿ ತಲೆದೂಗುವ, ಉಚ್ಚಾರ ತಪ್ಪಿದರೆ ಅಲ್ಲಿಯೇ ಹುಬ್ಬು ಗಂಟಿಕ್ಕುವ ಶ್ರೋತೃಗಳು ನಮ್ಮ ಮನೆಗಳಲ್ಲಿದ್ದರು. ಕನ್ನಡ ಓದಲು ಬಾರದೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅಭಂಗ ಉಳಿದೀತು, ದಾಸರ ಪದದ ಅರ್ಥ ಉಳಿಯುವುದೇ ಎಂಬುದು ಇಂದಿನ ಚಿಂತೆ. ಮನೆಯ ಅಟ್ಟದ ಮೇಲೆ ಹಳೆಯ ನಾಟಕದ ಪದಗಳ ಪುಸ್ತಕ, ಹಸ್ತಪತ್ರಿಕೆ, ಗ್ರಾಮೋಫೋನ್ ತಟ್ಟೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅಜ್ಜ ಅಜ್ಜಿಯರು ಯಾವ ಪದಕ್ಕೆ ‘ವನ್ಸ್ ಮೋರ್’ ಎಂದರು, ಯಾವ ಆಟದಿಂದ ಅರ್ಧಕ್ಕೇ ಎದ್ದು ಬಂದರು ಎಂಬುದನ್ನು ಮಕ್ಕಳಿಂದ ಕನ್ನಡದಲ್ಲಿಯೇ ಬರೆಸಿಡಿ.