ಕೋಲಾರ ಸೀಮೆಯ ದ್ವಿಚಕ್ರಚರಿತ್ರೆ

ಇಟಲಿ ದೇಶದ ಟಸ್ಕನಿ ಪ್ರಾಂತದಲ್ಲಿ ಕಿಯಾಂಟಿ ಎಂಬ ಗುಡ್ಡಗಾಡು ಸೀಮೆಯೊಂದುಂಟು. ದ್ರಾಕ್ಷಿಯ ಸಾಲುಗಳೂ ಆಲಿವ್ ತೋಪುಗಳೂ ಇಳಿಜಾರುಗಳನ್ನೆಲ್ಲ ಆವರಿಸಿರುವ ಆ ನೆಲದಲ್ಲಿ, ತೋಟದಿಂದ ತೋಟಕ್ಕೆ ಹಾಯುವ ಬಿಳಿಯ ಜಲ್ಲಿಹಾದಿಗಳು ಡಾಂಬರಿನ ಕೆಳಗೆ ಅಳಿದುಹೋಗುತ್ತಿರುವುದನ್ನು ಕಂಡು ಮರುಗಿದ ಕೆಲವರು, 1997ರಲ್ಲಿ ಗಾಯೋಲೆ ಎಂಬ ಊರಿನಿಂದ ಹಳೆಯ ಕಾಲದ ಉಕ್ಕಿನ ಬೈಸಿಕಲ್ಲುಗಳನ್ನೇರಿ ಯಾತ್ರೆ ಹೊರಟರು. 'ಲೆರೊಯಿಕಾ' ಎಂದು ಹೆಸರಾದ ಆ ಯಾತ್ರೆಗೆ ಈಗ ವರ್ಷವರ್ಷವೂ ದೇಶಾಂತರಗಳಿಂದ ಜನ ಬಂದು ಸೇರುತ್ತಾರೆ. ಹಾದಿಯನ್ನು ಉಳಿಸಿಕೊಳ್ಳಲು ಅಲ್ಲಿಯವರಿಗೆ ಒದಗಿದ ಸಾಧನ ಬೈಸಿಕಲ್ಲು ಎಂಬ ಸಂಗತಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿದೆ. ಏಕೆಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ, ಮಾವಿನ ತೋಪು ಹಿಪ್ಪುನೇರಳೆ ತೋಟಗಳ ನಡುವೆ, ಅದೇ ಬೈಸಿಕಲ್ಲು ಒಂದೆರಡು ತಲೆಮಾರುಗಳ ಕಾಲ ರೈತನ ಬಾಳನ್ನೇ ಹೊತ್ತು ತಿರುಗಿತು. ಆದರೂ ಗಂಗರ ರಾಜಧಾನಿಯನ್ನೂ ಚಿನ್ನದ ಗಣಿಯನ್ನೂ ಆದರದಿಂದ ನೆನೆಯುವ ನಾವು ಈ ಬಡ ವಾಹನದ ಚರಿತ್ರೆಗೆ ಒಂದು ಪುಟವನ್ನೂ ಎತ್ತಿಟ್ಟಂತಿಲ್ಲ.

ಈ ಸೀಮೆಯನ್ನು ರೈಲಿನ ಕಿಟಕಿಯಿಂದ ನೋಡಿದವರು ಬಯಲುಸೀಮೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದುಂಟು. ಬೈಸಿಕಲ್ಲು ತುಳಿದವನು ಹಾಗೆ ಹೇಳಲಾರ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಈ ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ ಮೂರು ನದಿಗಳಿಗೆ ಹಂಚಿಹೋಗುತ್ತದೆ: ಮಾಲೂರಿನ ಕಡೆಯದು ದಕ್ಷಿಣ ಪಿನಾಕಿನಿಗೆ, ಕೋಲಾರ ಮುಳಬಾಗಿಲುಗಳದು ಬಹುಮಟ್ಟಿಗೆ ಪಾಲಾರಿಗೆ, ಶ್ರೀನಿವಾಸಪುರದ ಬಡಗಣ ಭಾಗದ್ದು ಪಾಪಾಘ್ನಿಗೆ. ಒಂದು ಜಲಾನಯನದಿಂದ ಇನ್ನೊಂದಕ್ಕೆ ದಾಟುವ ದಿಣ್ಣೆ ಕಣ್ಣಿಗೆ ಕಾಣುವಷ್ಟು ಎತ್ತರವಿಲ್ಲದಿದ್ದರೂ ಮೊಣಕಾಲಿಗೆ ಚೆನ್ನಾಗಿ ತಿಳಿಯುತ್ತದೆ. ಕೋಲಾರದ ಬೆನ್ನಿಗಿರುವ ಶತಶೃಂಗ ಪರ್ವತ, ಟೇಕಲ್ಲಿನ ಬಂಡೆಗಳ ರಾಶಿ, ಆವನಿಯ ಬೆಟ್ಟ, ಮುಳಬಾಗಿಲಿನ ದುರ್ಗ, ಇವುಗಳ ಸೆರಗಿನಲ್ಲಿ ಹಾದಿ ಏರುವುದೂ ಇಳಿಯುವುದೂ ನಿಲ್ಲುವುದೇ ಇಲ್ಲ. ಇಳಿಜಾರಿನ ತಳದಲ್ಲಿ ಎದುರಾಗುವುದು ಸಾಮಾನ್ಯವಾಗಿ ಒಂದು ಕೆರೆ. ಹಳೆಯ ಹಾದಿಗಳಲ್ಲಿ ಅನೇಕವು ಕೆರೆಯ ಏರಿಯ ಮೇಲೆಯೇ ಸಾಗುತ್ತವೆ. ಮಳೆಗಾಲದಲ್ಲಿ ಕೋಡಿ ಬಿದ್ದರೆ ಎತ್ತಿನ ಗಾಡಿ ಈಚೆಯ ದಡದಲ್ಲಿ ಕಾಯಬೇಕು, ಬಸ್ಸು ಹಿಂದಿರುಗಬೇಕು. ಸೈಕಲ್ಲಿನವನಾದರೋ ಪಂಚೆಯನ್ನು ಮೇಲೆ ಕಟ್ಟಿ, ವಾಹನವನ್ನು ಹೆಗಲ ಮೇಲಿಟ್ಟುಕೊಂಡು ಆಚೆಗೆ ನಡೆದುಬಿಡುತ್ತಿದ್ದ. ಏರಿದವನನ್ನು ಹೊರುವ ವಾಹನ, ಅಗತ್ಯ ಬಿದ್ದಾಗ ಏರಿದವನಿಂದ ಹೊರಿಸಿಕೊಳ್ಳಲೂ ಒಪ್ಪುವಂಥದು. ಕೆರೆಗಳ ನಾಡಿಗೆ ಇದಕ್ಕಿಂತ ಒಗ್ಗುವ ಯಂತ್ರ ಇನ್ನಾವುದಿದ್ದೀತು?

ಡಿ. ವಿ. ಗುಂಡಪ್ಪನವರು ಮುಳಬಾಗಿಲಿನಲ್ಲಿ ಹುಟ್ಟಿದ್ದು 1887ರಲ್ಲಿ. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು 1891ರಲ್ಲಿ. ಈ ಎರಡು ಜನನಗಳ ನಡುವೆ, 1888ರಲ್ಲಿ, ಡನ್ಲಪ್ ಎಂಬಾತ ಗಾಳಿ ತುಂಬಿದ ರಬ್ಬರಿನ ಟೈರನ್ನು ಲೋಕಕ್ಕೆ ಕೊಟ್ಟ. ಸಮನಾದ ಎರಡು ಚಕ್ರಗಳೂ ಚೈನೂ ಉಳ್ಳ ಈಗಿನ ಮಾದರಿಯ ಬೈಸಿಕಲ್ಲು ಅದಕ್ಕೆ ಮೂರು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಸಿದ್ಧವಾಗಿತ್ತು. ಆದರೆ ಅವರಿಬ್ಬರ ಬಾಲ್ಯದ ಕೋಲಾರ ಸೀಮೆ ಕಾಲ್ನಡಿಗೆಯ, ಎತ್ತಿನ ಗಾಡಿಯ, ಜಟಕಾ ಬಂಡಿಯ ಸೀಮೆ. ಬೆಂಗಳೂರಿನಿಂದ ಜೋಲಾರಪೇಟೆಗೆ 1864ರಲ್ಲಿ ತೆರೆದ ರೈಲುದಾರಿ ಮಾಲೂರಿಗೆ ಒಂದು ನಿಲ್ದಾಣವನ್ನು ದಯಪಾಲಿಸಿತ್ತು. ಬೌರಿಂಗ್‌ಪೇಟೆಯಿಂದ (ಈಗಿನ ಬಂಗಾರಪೇಟೆ) ಕೋಲಾರಕ್ಕೆ ಕಿರುಹಳಿಯ ರೈಲು ಬಂದದ್ದು 1913ರಲ್ಲಿ. ತರುವಾಯ ಅದು ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರದತ್ತ ಮುಂದುವರಿಯಿತು. ಮುಳಬಾಗಿಲಿಗೆ ಮಾತ್ರ ಯಾವ ಹಳಿಯೂ ಬರಲಿಲ್ಲ. ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಮೂಡಣ ಎಲ್ಲೆಯೆಂದು ಹೆಸರುಗೊಂಡ ನಂಗಲಿಯ ಕಣಿವೆ ಅದರ ಮಗ್ಗುಲಿನಲ್ಲೇ ಇದೆ. ಮದರಾಸಿನ ಹೆದ್ದಾರಿ ಅಲ್ಲಿಂದಲೇ ಇಳಿಯುತ್ತದೆ. ಊರಿನ ವ್ಯಾಪಾರವೆಲ್ಲ ಆ ಹೆದ್ದಾರಿಯನ್ನೇ ನಂಬಿತ್ತು. ರೈಲು ಬಿಟ್ಟುಹೋದ, ಬಸ್ಸು ದಿನಕ್ಕೊಮ್ಮೆ ಬಂದರೆ ಬಂತೆನ್ನುವ ಹಳ್ಳಿಗಳ ನಡುವಣ ತೆರಪನ್ನು ತುಂಬಿದ್ದೇ ಬೈಸಿಕಲ್ಲು.

ಮೊದಲು ಅದು ಬಂದದ್ದು ಅಧಿಕಾರದ ವಾಹನವಾಗಿ. ರ‍್ಯಾಲಿ, ಹಂಬರ್, ಬಿ.ಎಸ್.ಎ. ಎಂಬ ವಿಲಾಯಿತಿ ಗಾಡಿಗಳ ಮೇಲೆ ತಾಲ್ಲೂಕು ಕಚೇರಿಯ ನೌಕರರು, ಶಾಲಾ ಇನ್ಸ್‌ಪೆಕ್ಟರು, ಡಾಕ್ಟರು ಮೊದಲಾದವರು ಹಳ್ಳಿಗೆ ಬರುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸುಗಳು ಇದ್ದಿಲಿನ ಅನಿಲದಿಂದ ಏದುಸಿರು ಬಿಡುತ್ತ ಓಡಬೇಕಾದಾಗ, ಸೈಕಲ್ಲಿನ ಬೆಲೆ ಎಲ್ಲರಿಗೂ ಅರಿವಾಯಿತು. ಆದರೆ ಕೊಳ್ಳುವ ಶಕ್ತಿ ರೈತನಿಗೆ ಬಂದದ್ದು ಸ್ವಾತಂತ್ರ್ಯಾನಂತರ, ನಮ್ಮ ದೇಶದಲ್ಲೇ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದ ಮೇಲೆ. ಸೋನೆಪತ್ತಿನ ಅಟ್ಲಾಸ್ 1951ರಲ್ಲಿಯೂ ಲೂಧಿಯಾನದ ಹೀರೋ 1956ರಲ್ಲಿಯೂ ಆರಂಭವಾದವು. ಅವುಗಳಿಗೂ ಮೊದಲು, 1949ರಲ್ಲಿ, ಸ್ಥಾಪಿತವಾದ ಟಿ.ಐ. ಸೈಕಲ್ಸ್ ಕಂಪನಿಯ ಕಾರ್ಖಾನೆ ಮದರಾಸಿನ ಬಳಿಯ ಅಂಬತ್ತೂರಿನಲ್ಲಿ, ಎಂದರೆ ಮುಳಬಾಗಿಲಿನ ಹೆದ್ದಾರಿ ಹೋಗಿ ಮುಟ್ಟುವ ತುದಿಯಲ್ಲೇ, ಇದ್ದಿತು.

ಈ ಚರಿತ್ರೆಯ ಹೃದಯವಿರುವುದು ರೇಷ್ಮೆಯಲ್ಲಿ. ಮೇವು ಬಿಟ್ಟ ಹಣ್ಣುಹುಳು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಏರಿ ಗೂಡು ಕಟ್ಟಿದ ಐದಾರು ದಿನಕ್ಕೆ ಅದನ್ನು ಬಿಡಿಸಬೇಕು. ಹತ್ತು ಹನ್ನೆರಡು ದಿನಗಳಾಗುವುದರೊಳಗೆ ಚಿಟ್ಟೆ ಗೂಡನ್ನು ಸೀಳಿಕೊಂಡು ಹೊರಬರುತ್ತದೆ. ಸೀಳಿದ ಗೂಡಿನಿಂದ ನೂಲು ತೆಗೆಯಲಾಗದು. ತಿಂಗಳಿಡೀ ನಿದ್ದೆಗೆಟ್ಟು, ಹುಳು ಮೇವು ಬಿಟ್ಟು ಪೊರೆ ಕಳಚುವ ಒಂದೊಂದು ಜ್ವರಕ್ಕೂ ಹುಳುವಿನ ಜೊತೆಗೇ ಮನೆಮಂದಿಯೆಲ್ಲ ಉಪವಾಸ ಕೂತಂತೆ ಆತಂಕಪಟ್ಟು ಬೆಳೆದದ್ದೆಲ್ಲವೂ ಆ ನಾಲ್ಕೈದು ದಿನಗಳ ಅವಧಿಯೊಳಗೆ ಕಾಸಾಗಬೇಕು. ಮನೆಯ ಬಾಗಿಲಿಗೆ ಬರುವ ವ್ಯಾಪಾರಿ ಈ ಅವಸರವನ್ನು ಚೆನ್ನಾಗಿ ಬಲ್ಲವನಾದ್ದರಿಂದ, ಅವನು ಹೇಳಿದ್ದೇ ಬೆಲೆ. ಗೂಡಿನ ಉತ್ಪಾದನೆ ಮಾರಾಟಗಳನ್ನು ನಿಯಮಕ್ಕೊಳಪಡಿಸುವ ಕಾಯಿದೆ ಮೈಸೂರು ರಾಜ್ಯದಲ್ಲಿ 1959ರಲ್ಲಿ ಬಂದು, ಕಾಲಕ್ರಮದಲ್ಲಿ ಸರ್ಕಾರಿ ಗೂಡಿನ ಮಾರುಕಟ್ಟೆಗಳು ಬಹಿರಂಗ ಹರಾಜಿಗೆ ತೆರೆದುಕೊಂಡವು. ಆದರೆ ಮಾರುಕಟ್ಟೆ ತೆರೆದರಾಯಿತೇ? ಹರಾಜಿನ ವೇಳೆಗೆ ಅಲ್ಲಿಗೆ ತಲುಪಬೇಕಲ್ಲ! ಕಾಯಿದೆ ಕೊಟ್ಟ ಹಕ್ಕನ್ನು ರೈತನ ಕೈಗೆ ಮುಟ್ಟಿಸಿದ್ದರಲ್ಲಿ ಬೈಸಿಕಲ್ಲಿನ ಪಾಲು ದೊಡ್ಡದೆಂದು ನಾನು ದೃಢವಾಗಿ ನಂಬಿದ್ದೇನೆ.

ಗೂಡಿನ ಮೂಟೆ ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ. ಬಿಗಿದು ತುಂಬಿದರೆ ಗೂಡು ನಜ್ಜಾಗುತ್ತದೆ, ಒಳಗೆ ಕಾವು ಏರಿ ಕೆಡುತ್ತದೆ. ಆದ್ದರಿಂದ ಗೋಣಿಯನ್ನು ಸಡಿಲವಾಗಿ ತುಂಬಿ, ಕ್ಯಾರಿಯರಿನ ಮೇಲೆ ಅಡ್ಡಲಾಗಿ ಎರಡು ಬಿದಿರಿನ ದಬ್ಬೆಗಳನ್ನಿಟ್ಟು, ಹಳೆಯ ಟ್ಯೂಬನ್ನು ಉದ್ದುದ್ದ ಸೀಳಿ ಮಾಡಿದ ಪಟ್ಟಿಯಿಂದ ಅದನ್ನು ಕಟ್ಟುತ್ತಿದ್ದರು. ಹುರಿಯ ಹಗ್ಗದಂತೆ ಕೊಯ್ಯದೆ, ಹಾದಿ ಕುಲುಕಿದಂತೆಲ್ಲ ತಾನೂ ಎಳೆದುಕೊಂಡು ಸಡಿಲಿಸಿಕೊಂಡು ಬರುವ ಆ ರಬ್ಬರಿನ ಪಟ್ಟಿಯಷ್ಟು ನಾಜೂಕಾಗಿ ಗೂಡನ್ನು ಹಿಡಿಯುವ ವಸ್ತು ಬೇರೊಂದಿರಲಿಲ್ಲ. ಸವಾರನ ಬೆನ್ನಿಗೆ ಅವನಿಗಿಂತ ಅಗಲವಾದ ಮೂಟೆ. ಎದುರುಗಾಳಿ ಬೀಸಿದರೆ ಇಳಿದು ತಳ್ಳಬೇಕು. ದಿಣ್ಣೆ ಬಂದರೆ ಇಳಿಯಲೇಬೇಕು. ಬೆಳಗಿನ ಜಾವ ಹೊರಟು, ಬಿಸಿಲೇರುವುದಕ್ಕೆ ಮೊದಲೇ ಮಾರುಕಟ್ಟೆಯ ಜಾಲರಿಗಳಲ್ಲಿ ಗೂಡನ್ನು ಹರವಿ ಕುಳಿತ ರೈತನಿಗೆ, ನೂಲು ತೆಗೆಯುವ ರೀಲರುಗಳು ಬಂದು ಗೂಡನ್ನು ಬೊಗಸೆಯಲ್ಲೆತ್ತಿ ನೋಡಿ ಒಬ್ಬರ ಮೇಲೊಬ್ಬರು ಕೂಗುವ ಬೆಲೆ ಕಿವಿಗೆ ಬಿದ್ದಾಗ, ಮನೆಬಾಗಿಲಿನ ವ್ಯಾಪಾರಿಯಿಂದ ಬಿಡುಗಡೆ ಹೊಂದಿದ ಅನುಭವವಾಗುತ್ತಿದ್ದುದು ಸಹಜ.

ಹಾಲಿನ ಕಥೆಯೂ ಇದಕ್ಕೆ ಹತ್ತಿರದ್ದೇ. ಕೋಲಾರದ ಹೈನುಗಾರಿಕೆಯೊಡನೆ ಎಂ. ವಿ. ಕೃಷ್ಣಪ್ಪನವರ ಹೆಸರು ಬಿಡಿಸಲಾಗದಂತೆ ಬೆಸೆದುಕೊಂಡಿದೆ. 1970ರ ದಶಕದ ಮಧ್ಯದಿಂದ ಸಹಕಾರ ಸಂಘಗಳು ಹಳ್ಳಿಹಳ್ಳಿಗೆ ಹಬ್ಬಿದಂತೆ, ಹ್ಯಾಂಡಲ್ಲಿಗೆ ನೇತುಹಾಕಿದ ಹಾಲಿನ ಕ್ಯಾನಿನ ಸದ್ದು ಇಲ್ಲಿಯ ಮುಂಜಾನೆಯ ಸದ್ದಾಯಿತು. ಮಾಲೂರಿನ ಸುತ್ತಿನವರು ಹೂವು ತರಕಾರಿಗಳ ಗಂಟುಗಳನ್ನು ಬೆಂಗಳೂರಿನ ರೈಲಿಗೆ ಮುಟ್ಟಿಸುತ್ತಿದ್ದುದೂ ಹೀಗೆಯೇ.

ಮಾವಿನ ವಿಷಯ ಬೇರೆ. ಶ್ರೀನಿವಾಸಪುರದ ಬಾದಾಮಿ, ರಸಪುರಿ, ತೋತಾಪುರಿ, ಸೇಂದೂರ, ಮಲ್ಲಿಕಾ, ನೀಲಂಗಳು ಭಾರದ ಸರಕು. ತೋಪಿನ ಫಸಲು ಮಂಡಿಗೆ ಹೋಗಲು ಗಾಡಿಯೋ ಲಾರಿಯೋ ಬೇಕೇಬೇಕು. ರಸ ತೆಗೆಯುವ ಕಾರ್ಖಾನೆಗಳಿಗೆಂದು ಗಡಿಯಾಚೆಯ ಚಿತ್ತೂರಿನತ್ತ ಹೊರಡುವ ತೋತಾಪುರಿಯ ರಾಶಿಯನ್ನು ಯಾವ ಸೈಕಲ್ಲು ಹೊತ್ತೀತು? ಆದರೆ ಮಾವಿಗೆ ಸಂಬಂಧಿಸಿದ ಮನುಷ್ಯರೆಲ್ಲ ಸೈಕಲ್ಲಿನ ಮೇಲೆಯೇ ಓಡಾಡಿದರು: ಮಾಘಮಾಸದ ಹೂವನ್ನು ನೋಡಿಯೇ ತೋಪನ್ನು ಗುತ್ತಿಗೆ ಹಿಡಿಯಲು ಬರುವ ವ್ಯಾಪಾರಿ, ಕಾಯಿ ಬಲಿಯುವವರೆಗೆ ಗುಡಿಸಲು ಹಾಕಿ ಕಾಯುವ ಕಾವಲುಗಾರ, ಮಂಡಿಯ ದಲ್ಲಾಳಿ, ಮತ್ತು ಉದುರಿದ ಹಣ್ಣನ್ನು ಹುಲ್ಲು ಹಾಸಿದ ಮಂಕರಿಯಲ್ಲಿಟ್ಟು, ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೂಗುತ್ತ ಊರೂರು ತಿರುಗುವ ಮಾರಾಟಗಾರ.

ಕೊಳ್ಳಲಾರದವರಿಗೆ ಬಾಡಿಗೆಯ ಸೈಕಲ್ ಶಾಪುಗಳಿದ್ದವು. ಅಂಗಡಿಯವನು ಗಡಿಯಾರ ನೋಡಿ ಪುಸ್ತಕದಲ್ಲಿ ಹೆಸರನ್ನೂ ಹೊರಟ ವೇಳೆಯನ್ನೂ ಬರೆದುಕೊಳ್ಳುವ ಮುನ್ನ, "ಯಾರ ಮಗನಪ್ಪಾ ನೀನು?" ಎಂದು ಕೇಳುವುದು ರೂಢಿ, ತಂದೆಯ ಹೆಸರೇ ಜಾಮೀನು. ಸೀಟಿಗೆ ಎಟುಕದ ಹುಡುಗರು ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತರು. ತಗ್ಗಾದ ತಗಡಿನ ಬೋಗುಣಿಯ ನೀರಿನಲ್ಲಿ ಟ್ಯೂಬನ್ನು ಅದ್ದಿ, ಗುಳ್ಳೆ ಏಳುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಉಜ್ಜಿ, ಸಲ್ಯೂಷನ್ ಸವರಿ, ಅದು ಆರುವವರೆಗೆ ಬಾಯಿಂದ ಊದುತ್ತ ಊರಿನ ಸುದ್ದಿಯನ್ನೆಲ್ಲ ಹೇಳುವ ಪಂಕ್ಚರಿನವನ ಮುಂದೆ ಕುಳಿತವರಿಗೆ ಆ ಅಂಗಡಿ ಒಂದು ಸಭಾಸ್ಥಾನವೂ ಆಗಿತ್ತು. ಪುರಸಭೆಗೆ ವರ್ಷದ ತೆರಿಗೆ ತೆತ್ತು ಪಡೆದ ಬಿಲ್ಲೆಯನ್ನು ಸೈಕಲ್ಲಿಗೆ ತಗುಲಿಸಬೇಕು, ರಾತ್ರಿ ದೀಪವಿಲ್ಲದೆ ಹೋಗಕೂಡದು, ಇಬ್ಬರು ಕೂರಕೂಡದು ಎಂಬ ನಿಯಮಗಳು ಆಗ ಇದ್ದವು. ಅಳಿಯನಿಗೆ ಗಡಿಯಾರದೊಡನೆ ಸೈಕಲ್ಲನ್ನೂ ಕೊಡುವುದು ವರೋಪಚಾರದ ಅಂಗವಾಯಿತು. ಅದು ಎಷ್ಟೋ ತಂದೆಯರನ್ನು ಸಾಲಕ್ಕೆ ತಳ್ಳಿತೆಂಬುದನ್ನೂ ಇಲ್ಲಿ ಮರೆಯಬಾರದು.

ಈ ಯುಗವನ್ನು ಮುಗಿಸಿದ ವಾಹನ ಹುಟ್ಟಿದ್ದು ಮಾಲೂರಿನ ನೆರೆಯಲ್ಲೇ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಿದ್ದಿತು. ಗೂಡಿನ ಮೂಟೆಯೂ ಹಾಲಿನ ಕ್ಯಾನೂ ಕ್ರಮೇಣ ಅದರ ಬೆನ್ನೇರಿದವು. ದಿಣ್ಣೆಗಳ ಮೇಲೆ ಬೆವರು ಸುರಿಸಿದ ಜನಕ್ಕೆ ಅದು ನಿಜವಾದ ಉಪಕಾರ. ಅದನ್ನು ಹಳಿಯುವ ಮನಸ್ಸು ನನಗಿಲ್ಲ. ಸೈಕಲ್ಲು ಮಕ್ಕಳ ಪಾಲಿಗೆ ಉಳಿಯಿತು; 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಉಚಿತವಾಗಿ ಸೈಕಲ್ ಕೊಡಲಾರಂಭಿಸಿದ ಮೇಲೆ, ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಕೆರೆಯ ಏರಿಯ ಮೇಲೆ ಪ್ರೌಢಶಾಲೆಗೆ ಹೋಗುವ ದೃಶ್ಯ ಈ ಸೀಮೆಗೆ ಹೊಸದಾಗಿ ಪ್ರಾಪ್ತವಾಯಿತು.

ಈಚೆಗೆ ಭಾನುವಾರಗಳಂದು ಬೆಂಗಳೂರಿನ ತರುಣರು ತೆಳುಗಾಲಿಯ ಬೆಲೆಬಾಳುವ ಸೈಕಲ್ಲುಗಳ ಮೇಲೆ ಅಂತರಗಂಗೆಯ ಕಡೆಗೂ, ನೊಳಂಬರ ಗುಡಿಗಳಿರುವ ಆವನಿಗೂ, ಕುರುಡುಮಲೆಯ ಗಣೇಶನ ಸನ್ನಿಧಿಗೂ ಬರುತ್ತಾರೆ. ಅವರು ಬರಲಿ, ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿದು, ತೋಪುಗಳು ಹೂಬಿಟ್ಟಿರುವ ಪುಷ್ಯ ಮಾಘಗಳಲ್ಲಿ ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗಲಿ. ಆದರೆ ಕೋಲಾರದ ಕಾಲೇಜುಗಳಲ್ಲಿ ಚರಿತ್ರೆ ಓದುತ್ತಿರುವ ಇಲ್ಲಿಯದೇ ಮಕ್ಕಳಿಗೆ ಬೇರೊಂದು ಕೆಲಸವಿದೆ. ಪುರಸಭೆಗಳ ಸೈಕಲ್ ತೆರಿಗೆಯ ದಫ್ತರಗಳು, ಬಾಡಿಗೆ ಅಂಗಡಿಗಳ ಪುಸ್ತಕಗಳು, ಅಟ್ಟದ ಮೇಲಿನ ಹಿತ್ತಾಳೆಯ ಬಿಲ್ಲೆಗಳು, ಇವು ರದ್ದಿಗೆ ಹೋಗುವ ಮೊದಲೇ ಅವರು ಹುಡುಕಿ ನಕಲು ಮಾಡಿಕೊಳ್ಳಬೇಕು. ಗೂಡಿನ ಮಾರುಕಟ್ಟೆಗೆ ಸೈಕಲ್ಲು ತುಳಿದ ಹಿರಿಯರನ್ನು ಕಂಡು, ಯಾವ ಹಾದಿಯಲ್ಲಿ ಹೋದಿರಿ, ಎಲ್ಲಿ ಇಳಿದು ತಳ್ಳಿದಿರಿ, ಯಾವ ಕೋಡಿಯನ್ನು ಹೊತ್ತು ದಾಟಿದಿರಿ, ಮೊದಲ ಹರಾಜಿನಲ್ಲಿ ನಿಮ್ಮ ಗೂಡಿಗೆ ಎಷ್ಟು ಸಿಕ್ಕಿತು ಎಂದು ಕೇಳಿ ಬರೆದಿಡಬೇಕು.