ಕೊಡಗಿನ ಚರಿತ್ರೆ ಹೇಳುವ ತಾಣಗಳು: ಮಡಿಕೇರಿ ಕೋಟೆಯಿಂದ ಮುಳ್ಳೂರು ಬಸದಿವರೆಗೆ

ಮಡಿಕೇರಿ: ವಾರಾಂತ್ಯ ಬಂತೆಂದರೆ ಜಿಲ್ಲೆಯ ಅಂಗಡಿ, ಹೋಟೆಲ್, ಪೆಟ್ರೋಲ್ ಬಂಕ್ ಎಲ್ಲ ಕಡೆ ಒಂದೇ ಪ್ರಶ್ನೆ: ‘ಇಲ್ಲಿ ನೋಡೋಕೆ ಏನಿದೆ?’ ರಾಜಾಸೀಟ್, ಅಬ್ಬಿ ಜಲಪಾತ, ದುಬಾರೆ ಅಂತ ಉತ್ತರ ಕೊಟ್ಟು ಕಳಿಸುವುದು ರೂಢಿ. ಸಾವಿರ ವರ್ಷದ ಬಸದಿ, ರಾಜರ ಗದ್ದುಗೆ, ಕಾಡಂಚಿನ ಅರಮನೆ ಆ ಪಟ್ಟಿಯಲ್ಲಿ ಬರುವುದು ಕಡಿಮೆ. ನಮ್ಮೂರಿನವರಿಗೂ, ಬರುವ ಅತಿಥಿಗಳಿಗೂ ಉಪಯೋಗವಾಗಲೆಂದು ಜಿಲ್ಲೆಯ ಮುಖ್ಯ ಚಾರಿತ್ರಿಕ ತಾಣಗಳ ವಿವರ ಇಲ್ಲಿದೆ.

ಮಡಿಕೇರಿ ಕೋಟೆ ಮತ್ತು ಅರಮನೆ

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ಇಲ್ಲಿಗೆ ರಾಜಧಾನಿ ತಂದು ಮಣ್ಣಿನ ಕೋಟೆ ಕಟ್ಟಿಸಿದ. ಮುದ್ದುರಾಜನ ಕೇರಿಯೇ ಮುಂದೆ ಮಡಿಕೇರಿ ಆಯಿತು. ಟಿಪ್ಪು ಸುಲ್ತಾನ್ ಕಾಲದಲ್ಲಿ ಕೋಟೆ ಕಲ್ಲಿನದಾಗಿ, ಜಾಫರಾಬಾದ್ ಎಂಬ ಹೆಸರು ಪಡೆಯಿತು. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ವಾಪಸ್ ಪಡೆದ. ಅರಮನೆಗೆ ಈಗಿನ ರೂಪ ಬಂದದ್ದು 1812ರಿಂದ 1814ರ ನಡುವೆ, ಲಿಂಗರಾಜೇಂದ್ರನ ಆಳ್ವಿಕೆಯಲ್ಲಿ. 1834ರಲ್ಲಿ ಬ್ರಿಟಿಷರು ಬಂದರು. ಗಡಿಯಾರ ಗೋಪುರ ಮತ್ತು ಕಾರು ನಿಲ್ಲಿಸುವ ಮುಖಮಂಟಪ 1933ರಲ್ಲಿ ಸೇರಿಕೊಂಡವು.

ಕೋಟೆಯೊಳಗಿನ ಗಾರೆಯ ಎರಡು ಆನೆಗಳ ಮುಂದೆ ಫೋಟೋ ತೆಗೆಸಿಕೊಳ್ಳದ ಪ್ರವಾಸಿಗರಿಲ್ಲ. ಆದರೆ ಪಕ್ಕದ ಹಳೆಯ ಸೇಂಟ್ ಮಾರ್ಕ್ಸ್ ಚರ್ಚ್ ಒಳಗೆ ಹೋಗುವವರು ಕಡಿಮೆ. 1855ರ ಈ ಕಟ್ಟಡ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಜಿಲ್ಲೆಯ ಬೇರೆ ಬೇರೆ ಕಡೆ ಸಿಕ್ಕ ಶಿಲ್ಪಗಳು, ಆಯುಧಗಳು ಇಲ್ಲಿವೆ. ಸೋಮವಾರ ಮತ್ತು ಸರ್ಕಾರಿ ರಜೆಗಳಂದು ಬಾಗಿಲು ಹಾಕಿರುತ್ತದೆ, ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಇದೇ ಕೋಟೆಯ ಎದುರು ಅಮರ ಸುಳ್ಯ ಬಂಡಾಯದ ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಬ್ರಿಟಿಷರು ಗಲ್ಲಿಗೇರಿಸಿದರು. 1857ರ ದಂಗೆಗೂ ಇಪ್ಪತ್ತು ವರ್ಷ ಮೊದಲಿನ ಮಾತು ಇದು. ಕೋಟೆ ತೋರಿಸುವಾಗ ಮರೆಯದೆ ಹೇಳಬೇಕಾದ ಸಂಗತಿ.

ಗದ್ದುಗೆ ಮತ್ತು ಓಂಕಾರೇಶ್ವರ

ಪೇಟೆಯ ಗಲಾಟೆಯಿಂದ ಸ್ವಲ್ಪ ಮೇಲೆ ಹೋದರೆ ರಾಜರ ಗದ್ದುಗೆ. ನಡುವಿನ ದೊಡ್ಡ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮ ಅವರ ಸಮಾಧಿಗಳಿವೆ. ಮಹದೇವಪೇಟೆಗೆ ಹೆಸರು ಬಂದದ್ದು ಇದೇ ರಾಣಿಯಿಂದ ಎನ್ನುತ್ತಾರೆ. ಪಕ್ಕದಲ್ಲಿ ಲಿಂಗರಾಜೇಂದ್ರನ ಗದ್ದುಗೆ, ಇನ್ನೊಂದು ಕಡೆ ರಾಜಗುರು ರುದ್ರಪ್ಪ ಅವರದು. ರಾಜರು ಲಿಂಗಾಯತರು, ಕಟ್ಟಡದ ಮೇಲೆ ಗುಂಬಜು, ಮೂಲೆಗಳಲ್ಲಿ ಮಿನಾರು. ಹತ್ತಿರದಲ್ಲೇ ಸೇನಾಧಿಕಾರಿ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯ ಅವರ ಸಮಾಧಿಗಳಿವೆ. ದೊರೆಯ ಪಕ್ಕದಲ್ಲೇ ದೊರೆಗಾಗಿ ದುಡಿದವರಿಗೂ ಜಾಗ ಕೊಟ್ಟದ್ದು ಗಮನಿಸಬೇಕಾದ ವಿಷಯ.

1820ರ ಓಂಕಾರೇಶ್ವರ ದೇವಸ್ಥಾನ ಲಿಂಗರಾಜೇಂದ್ರ ಕಟ್ಟಿಸಿದ್ದು. ಇಲ್ಲೂ ನಡುವೆ ಗುಂಬಜು, ನಾಲ್ಕು ಮೂಲೆಗೆ ಗೋಪುರ. ದೂರದಿಂದ ನೋಡಿದವರು ದರ್ಗಾ ಅಂದುಕೊಳ್ಳುವುದುಂಟು. ಎದುರಿನ ಕೊಳದ ನಡುವೆ ಮಂಟಪವಿದೆ. ದೇವಸ್ಥಾನವೂ ಗದ್ದುಗೆಯೂ ಒಂದೇ ಮಾದರಿಯಲ್ಲಿರುವುದನ್ನು ನೋಡಿದರೆ, ಆ ಕಾಲದ ಕೊಡಗಿನಲ್ಲಿ ಕಟ್ಟಡದ ರೀತಿಗೆ ಜಾತಿ, ಧರ್ಮದ ಗಡಿ ಇರಲಿಲ್ಲ ಎಂಬುದು ತಿಳಿಯುತ್ತದೆ.

ನಾಲ್ಕುನಾಡು ಅರಮನೆ, ಕಕ್ಕಬ್ಬೆ

ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ಈ ಅರಮನೆಯನ್ನು ದೊಡ್ಡವೀರರಾಜೇಂದ್ರ 1792–94ರಲ್ಲಿ ಕಟ್ಟಿಸಿದ. ಅರಮನೆ ಅನ್ನುವುದಕ್ಕಿಂತ ಕಷ್ಟಕಾಲದ ಅಡಗುತಾಣ ಎಂದರೆ ಸರಿ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದಿದ್ದ ರಾಜನಿಗೆ ಕಾಡಿನ ಬೆಲೆ ಗೊತ್ತಿತ್ತು. ಮರದ ಕೆತ್ತನೆ, ಗೋಡೆಯ ಚಿತ್ರಗಳು, ಹೊರಗಿನ ಮಂಟಪ ನೋಡುವಂಥವು. ರಾಜ ಮಹದೇವಮ್ಮನನ್ನು 1796ರಲ್ಲಿ ಮದುವೆಯಾದದ್ದು ಇಲ್ಲೇ. ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮುನ್ನ ಆಶ್ರಯ ಪಡೆದದ್ದೂ ಇಲ್ಲೇ. ತಡಿಯಂಡಮೋಳ್ ಚಾರಣಕ್ಕೆ ಹೋಗುವವರು ಅರ್ಧ ಗಂಟೆ ಇಲ್ಲಿ ಕಳೆದರೆ ನಷ್ಟವಿಲ್ಲ. ಗೋಡೆ ಮೇಲೆ ಹೆಸರು ಕೆತ್ತುವ ಚಟ ಮಾತ್ರ ಬೇಡ.

ವಿರಾಜಪೇಟೆ, ಭಾಗಮಂಡಲ

ವಿರಾಜಪೇಟೆ ಎಂದರೆ ವೀರರಾಜೇಂದ್ರಪೇಟೆ. ಬ್ರಿಟಿಷ್ ಜನರಲ್ ಅಬರ್‌ಕ್ರಾಂಬಿ ಭೇಟಿಯ ನೆನಪಿಗೆ 1792ರಲ್ಲಿ ರಾಜ ಈ ಊರು ಕಟ್ಟಿಸಿದ. ಕೆನರಾ ಕಡೆಯಿಂದ ಆಶ್ರಯ ಹುಡುಕಿ ಬಂದ ಕ್ಯಾಥೊಲಿಕರಿಗೆ ಜಾಗ ಕೊಟ್ಟದ್ದೂ ಅದೇ ಕಾಲದಲ್ಲಿ. ಇಲ್ಲಿನ ಸಂತ ಅನ್ನಮ್ಮ ಚರ್ಚ್‌ನ ಚರಿತ್ರೆ ಶುರುವಾಗುವುದು ಅಲ್ಲಿಂದ. ಪೇಟೆಯಾಗಿಯೇ ಹುಟ್ಟಿದ ಊರು ಇದು, ಇಂದಿಗೂ ವ್ಯಾಪಾರವೇ ಅದರ ಜೀವ.

ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಭಾಗಮಂಡಲದ ಭಗಂಡೇಶ್ವರ ದೇವಸ್ಥಾನ ಕೇರಳ ಶೈಲಿಯದು. ಅಲ್ಲಿಂದ ಸುಮಾರು 8 ಕಿ.ಮೀ. ದೂರದ ತಲಕಾವೇರಿಯಲ್ಲಿ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ಹೊತ್ತಿಗೆ ತೀರ್ಥೋದ್ಭವ. ಆ ದಿನಗಳ ಜನಜಂಗುಳಿ ಬಿಟ್ಟು ಬೇರೆ ದಿನ ಹೋದರೆ ಮರದ ಕೆತ್ತನೆಗಳನ್ನು ನಿಧಾನವಾಗಿ ನೋಡಬಹುದು.

ಮುಳ್ಳೂರು ಬಸದಿಗಳು

ಜಿಲ್ಲೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ಕಟ್ಟಡಗಳ ಸಾಲಿಗೆ ಸೇರುವ, ಆದರೆ ಅತಿ ಕಡಿಮೆ ಜನ ನೋಡಿರುವ ತಾಣ ಇದು. ಶನಿವಾರಸಂತೆ ಸಮೀಪದ ಮುಳ್ಳೂರಿನಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳಿವೆ. ಕೊಂಗಾಳ್ವ ಅರಸರು ಆಳುತ್ತಿದ್ದ 11ನೇ ಶತಮಾನದಲ್ಲಿ ಇದು ದೊಡ್ಡ ಜೈನ ಕೇಂದ್ರ. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ ಇಲ್ಲಿ ಬಸದಿ ಕಟ್ಟಿಸಿದ್ದನ್ನು 1058ರ ಶಾಸನ ಹೇಳುತ್ತದೆ. ಕೊಡಗಿನ ಚರಿತ್ರೆ ಹಾಲೇರಿ ರಾಜರಿಂದ ಶುರುವಾಗುತ್ತದೆ ಅಂದುಕೊಂಡವರಿಗೆ ಮುಳ್ಳೂರು ಉತ್ತರ. ಸೋಮವಾರಪೇಟೆ ಬಳಿಯ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯನ್ನೂ ಇದೇ ಪ್ರಯಾಣದಲ್ಲಿ ನೋಡಬಹುದು. ಊರಿನ ನೀರಿಗಾಗಿ ಪ್ರಾಣ ಕೊಟ್ಟ ಹೊನ್ನಮ್ಮನಿಗೆ ಗೌರಿ ಹಬ್ಬದಂದು ಇಲ್ಲಿ ಬಾಗಿನ ಬಿಡುತ್ತಾರೆ.

ಯೋಧರ ನೆಲ

ಮಡಿಕೇರಿಯ ‘ಸನ್ನಿಸೈಡ್’ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮನೆ. 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಇದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಕೊರಿಯಾ ಯುದ್ಧಕೈದಿಗಳ ಹಿಂದಿರುಗಿಸುವಿಕೆಯ ಆಯೋಗದ ಮುಖ್ಯಸ್ಥರಾಗಿದ್ದ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರ ಬದುಕು ಇಲ್ಲಿ ತೆರೆದುಕೊಳ್ಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಲು ಹೇಳಿ ಮಾಡಿಸಿದ ಜಾಗ. ದೇಶದ ಮೊದಲ ಭಾರತೀಯ ಮಹಾದಂಡನಾಯಕ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ್ದು ಶನಿವಾರಸಂತೆಯಲ್ಲಿ, 1899ರಲ್ಲಿ.

ಕುಶಾಲನಗರದ ಹೆಸರಿನ ಕಥೆ

ಟಿಪ್ಪು ಹುಟ್ಟಿದ ಸುದ್ದಿ ಕೇಳಿ ಹೈದರಾಲಿ ಖುಷಿಯಿಂದ ‘ಕುಶಾಲನಗರ’ ಎಂದು ಹೆಸರಿಟ್ಟ ಅಂತ ಗೈಡ್‌ಗಳು ಹೇಳುವುದುಂಟು. ಟಿಪ್ಪು ಹುಟ್ಟಿದ್ದು 1750ರಲ್ಲಿ. ಹೈದರ್ ಕೊಡಗಿನ ಮೇಲೆ ಬಂದದ್ದು 1760ರ ದಶಕದಲ್ಲಿ ಮತ್ತು ಆಮೇಲೆ. ಲೆಕ್ಕ ಹೊಂದುವುದಿಲ್ಲ. ಬ್ರಿಟಿಷರು ಕರ್ನಲ್ ಫ್ರೇಸರ್ ಹೆಸರಲ್ಲಿ ಇದನ್ನು ಫ್ರೇಸರ್‌ಪೇಟೆ ಎಂದು ಕರೆದದ್ದಂತೂ ನಿಜ.

ಬೋರ್ಡ್ ಇಲ್ಲದ ಚರಿತ್ರೆ

ಕಾಫಿ ತೋಟಗಳ ನಡುವೆ ಹಾದುಹೋಗುವ ಕಡಂಗಗಳು ಹಿಂದಿನ ಯುದ್ಧಕಾಲದ ರಕ್ಷಣಾ ಕಂದಕಗಳು. ಗದ್ದೆ ಬದುವಿನ ಕೊಲ್ಲೆಕಲ್ಲುಗಳು ಸತ್ತ ವೀರರ ನೆನಪು. ಊರವರು ಪಾಂಡವರ ಹೆಸರಲ್ಲಿ ಕರೆಯುವ ಕಲ್ಲುಚಪ್ಪಡಿ ಗೋರಿಗಳು ಇವೆಲ್ಲಕ್ಕಿಂತ ಹಳೆಯವು. ಪೆಗ್ಗೂರಿನ ಶಾಸನ ಕ್ರಿ.ಶ. 978ರದು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಮೊದಲ ಸಂಪುಟ 1886ರಲ್ಲಿ ಬಂದದ್ದು ಕೊಡಗಿನ ಶಾಸನಗಳ ಬಗ್ಗೆಯೇ.

ಇವಕ್ಕೆ ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಜಾಗ ಸಮ ಮಾಡಲು ಬಂದ ಜೆಸಿಬಿಗೆ ಕಡಂಗ ಬರೀ ಮಣ್ಣಿನ ದಿಬ್ಬ, ಶಾಸನ ಬರೀ ಕಲ್ಲು. ಒಂದು ಗಂಟೆಯ ಕೆಲಸದಲ್ಲಿ ಹೋದದ್ದು ಮತ್ತೆ ಬರುವುದಿಲ್ಲ.

ಗೊತ್ತಿರಬೇಕಾದ ಕಾನೂನು

ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಅಂಗಡಿ, ಮನೆ ವಿಸ್ತರಿಸುವ ಮುನ್ನ ಇದನ್ನು ವಿಚಾರಿಸಿಕೊಂಡರೆ ಆಮೇಲೆ ನೋಟಿಸ್ ಹಿಡಿದು ಓಡಾಡುವುದು ತಪ್ಪುತ್ತದೆ. ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ತೋಟ, ಗದ್ದೆಯಲ್ಲಿ ಹಳೆಯ ನಾಣ್ಯ, ವಿಗ್ರಹ, ಬರಹದ ಕಲ್ಲು ಸಿಕ್ಕರೆ ಕದಲಿಸದೆ ಫೋಟೋ ತೆಗೆದು ತಾಲ್ಲೂಕು ಕಚೇರಿಗೆ ತಿಳಿಸಿ.

ಮುಂದಿನ ಸಲ ಯಾರಾದರೂ ‘ನೋಡೋಕೆ ಏನಿದೆ’ ಅಂತ ಕೇಳಿದರೆ ನಿಮ್ಮ ತಾಲ್ಲೂಕಿನ ಒಂದು ಹಳೆಯ ತಾಣದ ಹೆಸರನ್ನೂ ಸೇರಿಸಿ ಹೇಳಿ. ಜನ ಹೋಗಿ ಬರುವ ಜಾಗಕ್ಕೆ ದಾರಿ, ಬೋರ್ಡ್, ಕಾವಲು ಕೇಳುವುದು ಸುಲಭ. ಅಲ್ಲಿಗೆ ಹೋಗುವ ಅತಿಥಿ ಊರಿನ ಹೋಟೆಲಿನಲ್ಲೇ ಊಟವನ್ನೂ ಮಾಡುತ್ತಾನೆ.