ನಮ್ಮ ಶಾಲೆಯ ಪ್ರೀ ಆಂಪ್ಲಿಫೈಯರ್

ಸುವರ್ಣ ಮಹೋತ್ಸವ ಸಮಿತಿಯವರು ನನಗೆ ವಹಿಸಿದ್ದ ವಿಷಯ ಬೇರೆ. ‘ಸ್ವಾತಂತ್ರ್ಯ ಹೋರಾಟದಲ್ಲಿ ನಮ್ಮೂರು’ ಎಂದು ನಾಲ್ಕು ಪುಟ ಬರೆದುಕೊಡಿ ಎಂದಿದ್ದರು. ದೂರವಾಣಿ ಇಲಾಖೆಯಲ್ಲಿ ಮೂವತ್ತು ವರ್ಷ ತಂತಿ ಎಳೆದು ಸ್ವಯಂ ನಿವೃತ್ತಿ ಪಡೆದ ನನಗೆ ಹಳೆಯ ಸಂಗತಿ ಕೆದಕುವ ಹುಚ್ಚಿದೆ ಎಂಬುದು ಊರಿಗೆಲ್ಲ ಗೊತ್ತು. ಒಪ್ಪಿಕೊಂಡೆ. ಆಮೇಲೆ ಕುಳಿತು ನೋಡಿದರೆ ಒಂದು ಪುಟಕ್ಕೂ ಸಾಲುವಷ್ಟು ಸರಕಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮೀರಿ ಧ್ವಜ ಏರಿಸಿದ್ದು ಪುಸ್ತಕಗಳಲ್ಲಿದೆ, ಅಲ್ಲಿ ಅದರ ನೆನಪಿಗೆ ಸೌಧವೂ ಇದೆ. ಆದರೆ ನಮ್ಮೂರಿನಿಂದ ಅಲ್ಲಿಗೆ ಯಾರು ಯಾರು ಹೋದರು, ಯಾವ ದಾರಿ ಹಿಡಿದರು, ಹಿಂದಿರುಗಿದ ಮೇಲೆ ಊರಿನಲ್ಲಿ ಏನಾಯಿತು ಎಂಬುದು ಎಲ್ಲೂ ಬರೆದಿಲ್ಲ. ಅದನ್ನು ಬಲ್ಲ ಹಿರಿಯರು ಒಬ್ಬರೇ ಉಳಿದಿದ್ದರು. ಅವರು 1983ರ ಆಗಸ್ಟ್ 15ರಂದು ನಮ್ಮ ಶಾಲೆಯ ಅಂಗಳದಲ್ಲಿ ಮುಕ್ಕಾಲು ಗಂಟೆ ಮಾತನಾಡಿದರು. ಮುಂದಿನ ಎರಡು ಸಾಲು ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ. ಕೇಳಿಸದಂತೆ ಮಾಡಿದವನು ನಾನು. ಆದ್ದರಿಂದ ಕೇಳಿದ ಲೇಖನದ ಬದಲು ಇದನ್ನು ಕೊಡುತ್ತಿದ್ದೇನೆ. ಸಂಪಾದಕರು ಕ್ಷಮಿಸಬೇಕು.

ಈ ವರ್ಷ ಬೇಸಿಗೆ ರಜೆಯಲ್ಲಿ ಪ್ರಯೋಗಾಲಯದ ಬೀರು ಖಾಲಿ ಮಾಡುವಾಗ ತುಕ್ಕು ಹಿಡಿದ ಚೌಕಾಕಾರದ ಬಿಸ್ಕತ್ತಿನ ಡಬ್ಬವೊಂದು ಸಿಕ್ಕಿತು. ಈಗಿನ ವಿಜ್ಞಾನ ಶಿಕ್ಷಕಿಯವರು ಅದನ್ನು ಗುಜರಿಗೆ ಹಾಕದೆ ನನಗೆ ಫೋನ್ ಮಾಡಿದರು. ಒಳಗೆ ಒಂದು ಟ್ಯಾಗ್ ಬೋರ್ಡು, ಅದರ ಮೇಲೆ ಎರಡು ಟ್ರಾನ್ಸಿಸ್ಟರು, ಹತ್ತು ಹನ್ನೆರಡು ರೆಸಿಸ್ಟರು ಕೆಪಾಸಿಟರುಗಳು. 1984ರ ಎಸ್ಸೆಸ್ಸೆಲ್ಸಿ ತಂಡದವರು ನೋಡಿದರೆ ಗುರುತು ಹಿಡಿಯುತ್ತಾರೆ. ಅದು ನಮ್ಮ ಶಾಲೆಯಲ್ಲೇ ತಯಾರಾದ ಪ್ರೀ ಆಂಪ್ಲಿಫೈಯರ್.

ಆಗ ಶಾಲೆಗೆ ಹತ್ತು ವರ್ಷವೂ ತುಂಬಿರಲಿಲ್ಲ. ಮೈಕ್ ಸೆಟ್ ಬೇಕೆಂದರೆ ತಾಲ್ಲೂಕು ಕೇಂದ್ರದಿಂದ ಬಾಡಿಗೆಗೆ ತರಬೇಕು, ಅದಕ್ಕೆ ದುಡ್ಡು ಎಲ್ಲಿಂದ? ಶಾಲೆಯಲ್ಲಿದ್ದದ್ದು ಪಂಚಾಯಿತಿಯವರು ಕೊಟ್ಟ ಹಳೆಯ ವಾಲ್ವ್ ರೇಡಿಯೊ, ಮರದ ಪೆಟ್ಟಿಗೆಯ ಒಂದು ದೊಡ್ಡ ಸ್ಪೀಕರು, ಮತ್ತು ಯಾರೋ ದಾನ ಮಾಡಿದ ಡೈನಾಮಿಕ್ ಮೈಕು. ಆ ಕಾಲದ ವಾಲ್ವ್ ರೇಡಿಯೊಗಳ ಬೆನ್ನಿಗೆ ಗ್ರಾಮಫೋನ್ ಸಿಕ್ಕಿಸಲು ‘ಪಿಕಪ್’ ಎಂಬ ಎರಡು ತೂತುಗಳಿರುತ್ತಿದ್ದವು. ಅಲ್ಲಿಗೆ ಮೈಕು ಸಿಕ್ಕಿಸಿದರೆ ಬಾವಿಯೊಳಗಿಂದ ಯಾರೋ ಪಿಸುಗುಟ್ಟಿದಂತೆ ಕೇಳುತ್ತಿತ್ತು. ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಪಿಕಪ್ ತೂತಿಗೆ ಬೇಕಾದದ್ದು ಕೆಲವು ನೂರು ಮಿಲಿವೋಲ್ಟು. ಮೈಕು ಕೊಡುವುದು ಒಂದೋ ಎರಡೋ ಮಿಲಿವೋಲ್ಟು. ನಡುವೆ ಇನ್ನೂರು ಪಟ್ಟು ಹಿಗ್ಗಿಸುವ ಒಂದು ಸಾಧನ ಬೇಕು. ದೊಡ್ಡ ಆಂಪ್ಲಿಫೈಯರಿಗೆ ಮೊದಲು ಬರುವುದರಿಂದ ಅದಕ್ಕೆ ‘ಪ್ರೀ’ ಎಂಬ ಹೆಸರು.

ಈ ಹಿಗ್ಗಿಸುವ ವಿದ್ಯೆಗೆ ಆಗ ಎಂಬತ್ತು ವರ್ಷವೂ ಆಗಿರಲಿಲ್ಲ. ಲೀ ಡಿ ಫಾರೆಸ್ಟ್ ಎಂಬ ಅಮೆರಿಕದವನು 1906ರಲ್ಲಿ ಆಡಿಯಾನ್ ಎಂಬ ವಾಲ್ವ್ ಮಾಡಿದ. ಅದು ದನಿಯನ್ನು ಹಿಗ್ಗಿಸಬಲ್ಲದು ಎಂದು ಅರ್ಥವಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. 1915ರಲ್ಲಿ ವಾಲ್ವುಗಳ ಬಲದಿಂದ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಟೆಲಿಫೋನ್ ಮಾತು ಹೋಯಿತು. 1919ರಲ್ಲಿ ಅಧ್ಯಕ್ಷ ವಿಲ್ಸನ್ ಸ್ಯಾನ್ ಡಿಯೇಗೊದ ಕ್ರೀಡಾಂಗಣದಲ್ಲಿ ಸಾವಿರಾರು ಜನರಿಗೆ ಮೈಕಿನಲ್ಲಿ ಭಾಷಣ ಮಾಡಿದರು. ನಮ್ಮ ಕಡೆಗೆ ಬಂದರೆ, 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಅಲ್ಲಿ. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಬಂತು. 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾಯಿತು. ನಮ್ಮ ಡಬ್ಬದೊಳಗಿನ ಬಿ.ಸಿ. 148 ಟ್ರಾನ್ಸಿಸ್ಟರುಗಳು ಆ ಕಾರ್ಖಾನೆಯವೇ. ಮೇಷ್ಟ್ರು ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಿಂದ ತಂದಿದ್ದರು. ಮೂಗಿನ ನತ್ತಿನಷ್ಟು ದೊಡ್ಡ ಆ ಕಪ್ಪು ಮಣಿಗಳನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿಟ್ಟು ತಂದದ್ದು ನನಗೆ ನಿನ್ನೆ ಮೊನ್ನೆಯಂತಿದೆ.

ಕಟ್ಟಿದವನು ನಾನಲ್ಲ, ನನ್ನ ಬೆಂಚಿನ ಗೆಳೆಯ. ಅವನ ಹೆಸರು ಹಾಕಬೇಡವೆಂದು ಅವನೇ ಹೇಳಿದ್ದಾನೆ. ಇಂಗ್ಲಿಷಿನಲ್ಲಿ ಹತ್ತು ಅಂಕ ದಾಟದವನು, ಸಾಲ್ಡರಿಂಗ್ ಐರನ್ ಹಿಡಿದರೆ ಅಕ್ಕಸಾಲಿ. ಬೆಸುಗೆ ಹಾಕುವಾಗ ಸೀಸವನ್ನು ಐರನ್ನಿನ ಮೂತಿಗೆ ಮುಟ್ಟಿಸಬಾರದು, ಮೊದಲು ತಂತಿಗಳ ಕೂಡುವ ಜಾಗವನ್ನು ಕಾಯಿಸಬೇಕು, ಆ ಕಾವಿಗೆ ಸೀಸ ತಾನೇ ಹರಿಯಬೇಕು ಎಂದು ಅವನು ನನಗೆ ಕಲಿಸಿದ. ಹರಿದ ಬೆಸುಗೆ ಹೊಳೆಯುತ್ತದೆ. ಮಂಕಾಗಿ ಉಂಡೆ ಕಟ್ಟಿದ್ದರೆ ಒಳಗೆ ಹಿಡಿದಿಲ್ಲವೆಂದೇ ಅರ್ಥ. ಇಲಾಖೆಯಲ್ಲಿ ನಾನು ಅನ್ನ ತಿಂದದ್ದು ಈ ಒಂದು ಪಾಠದಿಂದ.

ಈಗಿನ ಮಕ್ಕಳು ಕೆಲವರು ಡಬ್ಬ ನೋಡಿ ತಾವೂ ಮಾಡಬೇಕೆಂದು ಹೊರಟಿದ್ದಾರೆ. ಅವರಿಗಾಗಿ ಹೇಳುತ್ತೇನೆ. ಮೊದಲನೆಯದಾಗಿ, ವಾಲ್ವ್ ರೇಡಿಯೊದ ತಂಟೆಗೆ ಹೋಗಬೇಡಿ. ಅದರೊಳಗೆ ಇನ್ನೂರು ಮುನ್ನೂರು ವೋಲ್ಟ್ ಓಡಾಡುತ್ತದೆ, ಮತ್ತು ಆ ಕಾಲದ ಕೆಲವು ಅಗ್ಗದ ರೇಡಿಯೊಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುತ್ತಿರಲಿಲ್ಲ. ಅಂಥದ್ದರ ತಗಡು ಚೌಕಟ್ಟಿಗೇ ಕರೆಂಟಿನ ನೇರ ಸಂಬಂಧ. ಮೈಕು ಹಿಡಿದವನು ಹೋದಂತೆಯೇ. ಮೇಷ್ಟ್ರು ನಮ್ಮ ರೇಡಿಯೊದಲ್ಲಿ ಟ್ರಾನ್ಸ್‌ಫಾರ್ಮರ್ ಇದೆಯೆಂದು ಖಚಿತ ಮಾಡಿಕೊಳ್ಳದೆ ನಮ್ಮನ್ನು ಹತ್ತಿರಕ್ಕೂ ಬಿಟ್ಟಿರಲಿಲ್ಲ. ನೀವು ಬ್ಯಾಟರಿಯಿಂದ ಶುರುಮಾಡಿ. ಒಂಬತ್ತು ವೋಲ್ಟ್ ಸಾಕು, ಕೈಗೆ ತಗುಲಿದರೂ ಏನೂ ಆಗದು.

ಬಿ.ಸಿ. 148 ಈಗ ಸಿಗುವುದು ಕಷ್ಟ. ಬಿ.ಸಿ. 549 ಅದೇ ಕೆಲಸವನ್ನು ಇನ್ನೂ ಕಡಿಮೆ ಸದ್ದಿನಲ್ಲಿ ಮಾಡುತ್ತದೆ, ಕಾಲುಗಳ ಕ್ರಮ ಮಾತ್ರ ನೋಡಿಕೊಳ್ಳಿ. ಟಿ.ಎಲ್. 072ರಂಥ ಐ.ಸಿ. ಹಾಕಿದರೆ ಕೆಲಸ ಇನ್ನೂ ಸುಲಭ, ಆದರೆ ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಮೊದಲ ಸಲ ಟ್ರಾನ್ಸಿಸ್ಟರಿನಲ್ಲೇ ಮಾಡಿ ಎಂಬುದು ನನ್ನ ಹಟ. ಕಟ್ಟಿದ ಮೇಲೆ ಮೈಕು ಸಿಕ್ಕಿಸುವ ಆತುರ ಬೇಡ, ಮೀಟರು ಹಿಡಿಯಿರಿ. ಬೇಸಿಗೂ ಎಮಿಟರಿಗೂ ನಡುವೆ 0.6 ವೋಲ್ಟಿನ ಆಸುಪಾಸು, ಕಲೆಕ್ಟರಿನಲ್ಲಿ ನಾಲ್ಕೈದು ವೋಲ್ಟು ಬಂದರೆ ಟ್ರಾನ್ಸಿಸ್ಟರು ಕೆಲಸಕ್ಕೆ ಕುಳಿತಿದೆ. ಪೂರಾ ಒಂಬತ್ತು ಇದ್ದರೆ ಅದು ಮಲಗಿದೆ. ಸೊನ್ನೆಯ ಹತ್ತಿರ ಇದ್ದರೆ ಪೂರ್ತಿ ತೆರೆದು ನಿಂತಿದೆ, ಆಗಲೂ ದನಿ ಬಾರದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಿಗೆ ಕೂಡು ಕಳೆ ಗುರುತಿದೆ, ತಿರುಗುಮುರುಗು ಮಾಡಬೇಡಿ. ಮೈಕಿನ ತಂತಿ ಒಂದು ಕಡೆಯಿಂದ ಒಳಗೆ ಬರಲಿ, ಹೊರಹೋಗುವ ತಂತಿ ಎದುರು ಕಡೆಯಿಂದ ಹೋಗಲಿ. ಎರಡೂ ಅಕ್ಕಪಕ್ಕ ಮಲಗಿದರೆ ಸ್ಪೀಕರು ಕಿರುಚಲು ಶುರುಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಜೋಪಾನ ಬೇಕಾದದ್ದು ಮೊದಲ ಟ್ರಾನ್ಸಿಸ್ಟರು. 1928ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್ ತೋರಿಸಿಕೊಟ್ಟಂತೆ, ಸುಮ್ಮನೆ ಬಿದ್ದಿರುವ ರೆಸಿಸ್ಟರು ಕೂಡ ತನ್ನ ಬಿಸಿಯಿಂದಲೇ ಸಣ್ಣಗೆ ಸುಯ್ಗುಡುತ್ತದೆ. 1944ರಲ್ಲಿ ಅದೇ ಸಂಸ್ಥೆಯ ಫ್ರೀಸ್ ಇನ್ನೊಂದು ಲೆಕ್ಕ ಕೊಟ್ಟ: ಮೊದಲ ಹಂತ ಚೆನ್ನಾಗಿ ಹಿಗ್ಗಿಸುವುದಾದರೆ ಇಡೀ ಯಂತ್ರದ ಗದ್ದಲವನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಆ ಹಂತವೇ. ಅಲ್ಲಿ ಮಾತು ಒಂದು ಮಿಲಿವೋಲ್ಟು. ಕರೆಂಟಿನ ಗುಂಯ್ ಸದ್ದು ಅರ್ಧ ಮಿಲಿವೋಲ್ಟು ನುಸುಳಿದರೂ ಮುಂದೆ ಎರಡೂ ಇನ್ನೂರು ಪಟ್ಟಾಗುತ್ತವೆ. ಯಾವುದು ಮಾತು, ಯಾವುದು ಗದ್ದಲ ಎಂಬುದು ಟ್ರಾನ್ಸಿಸ್ಟರಿಗೆ ಗೊತ್ತಿಲ್ಲ. ಅದಕ್ಕೇ ತಗಡಿನ ಡಬ್ಬ, ಅದಕ್ಕೇ ಜಾಲರಿ ಹೊದಿಸಿದ ಮೈಕಿನ ತಂತಿ. ಡಬ್ಬವನ್ನೂ ಸರ್ಕೀಟಿನ ನೆಲದ ತಂತಿಯನ್ನೂ ಮೈಕು ಒಳಗೆ ಬರುವ ಕಡೆ ಒಂದೇ ಜಾಗದಲ್ಲಿ ಸೇರಿಸಬೇಕು. ಎರಡು ಜಾಗದಲ್ಲಿ ಸೇರಿಸಿದರೆ ಒಂದು ಬಳೆ ಆಯಿತು, ಆ ಬಳೆಯೊಳಗೆ ಕರೆಂಟಿನ ಗುಂಯ್ ಬಂದು ಕೂರುತ್ತದೆ.

ಇದನ್ನೆಲ್ಲ ಮೇಷ್ಟ್ರು ಹೇಳಿದ್ದರು. ಗೆಳೆಯ ಹಾಗೆಯೇ ಮಾಡಿದ್ದ. ಜುಲೈ ತಿಂಗಳಿಡೀ ಬೆಳಗಿನ ಪ್ರಾರ್ಥನೆ ಆ ಡಬ್ಬದಿಂದ ಹಾದು ಬೀದಿಯವರೆಗೆ ಕೇಳಿತು. ಡಬ್ಬದ ಮೂಲೆಯಲ್ಲಿ ಆರು ಟಾರ್ಚ್ ಸೆಲ್ಲು. ಆಗಸ್ಟಿನ ಹೊತ್ತಿಗೆ ಒಂದೆರಡು ಸೋರಿ ಬಿಳಿ ಪುಡಿ ಉಗುಳಿದವು. ಹೊಸ ಸೆಲ್ಲು ತರಲು ಹೆಡ್‌ಮಾಸ್ತರು ಕೊಟ್ಟ ದುಡ್ಡನ್ನು ಗೆಳೆಯ ನನ್ನ ಕೈಗೆ ಹಾಕಿದ. ಶನಿವಾರ ತಾಲ್ಲೂಕಿಗೆ ಹೋಗುವವನು ನಾನಾಗಿದ್ದೆ. ಹೋದೆ. ಟೂರಿಂಗ್ ಟಾಕೀಸಿಗೂ ಹೋದೆ, ಹೋಟೆಲಿಗೂ ಹೋದೆ. ಸೆಲ್ಲಿನ ಅಂಗಡಿಗೆ ಹೋಗಲಿಲ್ಲ.

ಮನೆಯಲ್ಲಿ ಅಣ್ಣನ ಟ್ರಾನ್ಸಿಸ್ಟರ್ ರೇಡಿಯೊದ ಎಲಿಮಿನೇಟರ್ ಬಿದ್ದಿತ್ತು. ಒಂಬತ್ತು ವೋಲ್ಟಿನದೇ. ‘ಇದನ್ನೇ ಹಾಕಣ ಕಣ್ಲಾ, ಸೆಲ್ಲಿನ ಗೊಡವೆಯೇ ಬ್ಯಾಡ’ ಎಂದು ದೊಡ್ಡ ಜಾಣನಂತೆ ಹೇಳಿದೆ. ಅವನು ತಲೆ ಆಡಿಸಿದ. ಹದಿನಾಲ್ಕರ ಸಂಜೆ, ಅವನು ದನಕ್ಕೆ ಹುಲ್ಲು ತರಲು ಹೋದಾಗ, ಅದರ ಪ್ಲಾಸ್ಟಿಕ್ ಚಿಪ್ಪು ಬಿಚ್ಚಿ ಸೆಲ್ಲು ಕೂರುತ್ತಿದ್ದ ಮೂಲೆಗೆ ನಾನೇ ತುರುಕಿದೆ. ಆ ಮೂಲೆ ಮೊದಲ ಟ್ರಾನ್ಸಿಸ್ಟರಿನಿಂದ ಮೂರು ಬೆರಳು ದೂರ. ಅಲ್ಲಾಡದಿರಲೆಂದು ಅದರ ಕಳೆ ತಂತಿಯನ್ನು ಡಬ್ಬಕ್ಕೇ ಒಂದು ತಿರುಪಿನಿಂದ ಬಿಗಿದೆ. ಹೀಗೆ ಬಳೆಯೂ ಆಯಿತು, ಟ್ರಾನ್ಸ್‌ಫಾರ್ಮರೂ ಒಳಗೆ ಬಂತು. ಹೊರಗಿನ ಗದ್ದಲವನ್ನು ತಡೆಯಲು ಇದ್ದ ಡಬ್ಬದೊಳಕ್ಕೇ ಗದ್ದಲದ ಬೇರನ್ನು ತಂದಿಟ್ಟಿದ್ದೆ. ಆ ರಾತ್ರಿ ಊರಲ್ಲಿ ಕರೆಂಟಿರಲಿಲ್ಲ. ಪರೀಕ್ಷೆ ಮಾಡಲಾಗಲಿಲ್ಲ.

ಬೆಳಿಗ್ಗೆ ಹೆಣ್ಣುಮಕ್ಕಳು ನಾಡಗೀತೆ ಹಾಡುವಾಗ ಗುಂಯ್ ಎನ್ನುವುದು ಅಷ್ಟಾಗಿ ತಿಳಿಯಲಿಲ್ಲ. ಅವರದು ಗಟ್ಟಿ ಗಂಟಲು. ಆಮೇಲೆ ಅಜ್ಜ ಎದ್ದರು. ಖಾದಿ ಪಂಚೆ, ತೆಳ್ಳಗಿನ ದನಿ, ಮೈಕಿನಿಂದ ಒಂದು ಮಾರು ಹಿಂದೆಯೇ ನಿಂತರು. ಹತ್ತಿರ ಬನ್ನಿ ಎನ್ನುವ ಧೈರ್ಯ ನಮಗಿಲ್ಲ. ಗೆಳೆಯ ರೇಡಿಯೊದ ವಾಲ್ಯೂಮ್ ಹೆಚ್ಚಿಸಿದ. ಗುಂಯ್ ಕೂಡ ಹೆಚ್ಚಿತು. ಇನ್ನೂ ತಿರುಗಿಸಿದ, ಜೇನುಹುಳು ಎದ್ದಂತಾಯಿತು. ಸ್ಪೀಕರ್ ನಿಲ್ಲಿಸಿದರೆ ಹಿಂದಿನವರಿಗೆ ಏನೂ ಇಲ್ಲ, ನಿಲ್ಲಿಸದಿದ್ದರೆ ಮುಂದಿನವರಿಗೂ ಇಲ್ಲ. ಅಜ್ಜನಿಗೆ ಕಿವಿ ಮಂದವೋ ಏನೋ, ನಗುನಗುತ್ತ ಮಾತನಾಡುತ್ತಲೇ ಹೋದರು. ಕೈ ಎತ್ತಿ ಶಿವಪುರದ ದಿಕ್ಕು ತೋರಿಸಿದ್ದು ಕಾಣಿಸಿತು, ಹೇಳಿದ್ದು ಕೇಳಿಸಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹೆಡ್‌ಮಾಸ್ತರು ಎಲ್ಲರೆದುರು ಗೆಳೆಯನನ್ನು ಬೈದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮೇಷ್ಟ್ರು ಅವತ್ತು ರಜೆಯಲ್ಲಿದ್ದರು.

ಮರುವರ್ಷ ಮಳೆಗಾಲಕ್ಕೆ ಅಜ್ಜ ತೀರಿಕೊಂಡರು. ಈ ಲೇಖನಕ್ಕಾಗಿ ಆವತ್ತು ಮುಂದಿನ ಸಾಲಿನಲ್ಲಿ ಕುಳಿತಿದ್ದ, ಆಗ ಎಂಟನೆಯ ತರಗತಿಯಲ್ಲಿದ್ದ ಆರು ಜನರನ್ನು ಹುಡುಕಿ ಕೇಳಿದೆ. ಒಬ್ಬಾಕೆಗೆ ಮಾತ್ರ ಒಂದು ಸಂಗತಿ ನೆನಪಿದೆ: ರಾತ್ರಿ ಹೊರಟರಂತೆ, ರಾಗಿ ಮುದ್ದೆಯನ್ನು ವಸ್ತ್ರದಲ್ಲಿ ಕಟ್ಟಿಕೊಂಡಿದ್ದರಂತೆ, ಜೊತೆಗೆ ಒಬ್ಬ ಹೆಂಗಸೂ ಇದ್ದರಂತೆ. ಆ ಹೆಂಗಸು ಯಾರು? ಆಕೆಗೆ ಗೊತ್ತಿಲ್ಲ. ನಮ್ಮೂರಿನ ಹೋರಾಟದ ಇತಿಹಾಸವೆಂದು ನಾನು ಕೊಡಬಹುದಾದದ್ದು ಇಷ್ಟೇ. ಓದುವವರ ಮನೆಯಲ್ಲಿ ಯಾರಾದರೂ ಹಿರಿಯರು ಈ ವಿಷಯ ಹೇಳಿದ್ದರೆ ದಯಮಾಡಿ ಶಾಲೆಗೆ ತಿಳಿಸಿ.

ಗೆಳೆಯ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ. ಇವತ್ತು ತಾಲ್ಲೂಕಿನಲ್ಲಿ ಶಾಮಿಯಾನ ಮತ್ತು ಮೈಕ್ ಸೆಟ್ ಇಟ್ಟಿದ್ದಾನೆ. ಡಬ್ಬ ಸಿಕ್ಕಿದ ವಾರ ಅವನ ಅಂಗಡಿಗೆ ತೆಗೆದುಕೊಂಡು ಹೋಗಿ, ಸೆಲ್ಲಿನ ದುಡ್ಡಿನ ಕಥೆ ಹೇಳಿದೆ. ನಲವತ್ತು ವರ್ಷದ ಮೇಲೆ ಹೇಳುವುದಕ್ಕೂ ಗಂಟಲು ಕಟ್ಟಿತು. ಅವನು ಡಬ್ಬ ತಿರುಗಿಸಿ ನೋಡುತ್ತ, ‘ಗೊತ್ತಿತ್ತು ಕಣ್ಲಾ’ ಎಂದ. ಅವತ್ತೇ ಸಂಜೆ ಮನೆಯ ಟಾರ್ಚು, ಪಕ್ಕದ ಮನೆಯ ಟಾರ್ಚುಗಳ ಸೆಲ್ಲು ಕಿತ್ತು ಹಾಕಿ ನೋಡಿದನಂತೆ. ಗುಂಯ್ ಸತ್ತುಹೋಯಿತಂತೆ.

‘ಮತ್ತೆ ಯಾಕ್ಲಾ ಯಾರಿಗೂ ಹೇಳ್ನಿಲ್ಲ?’

‘ಹೇಳಿದ್ರೆ ಆ ತಾತ ಇನ್ನೊಂದ್ಸಲ ಮಾತಾಡಕ್ಕೆ ಬರ್ತಿದ್ರಾ?’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ನಾವೇ ಮನೆಗೆ ಹೋಗಿ ಕೇಳ್ಬೋದಾಗಿತ್ತು. ಅದು ಹೊಳೀನಿಲ್ಲ’ ಎಂದ. ನನಗೂ ಹೊಳೆದಿರಲಿಲ್ಲ. ಅಜ್ಜನ ಮನೆ ಶಾಲೆಯಿಂದ ಕೂಗಳತೆಯಲ್ಲಿತ್ತು.

ಅವನೇ ಒಣಗಿದ ಎಲೆಕ್ಟ್ರೋಲಿಟಿಕ್‌ಗಳನ್ನು ಬದಲಿಸಿ ಡಬ್ಬವನ್ನು ಮತ್ತೆ ನಡೆಯುವಂತೆ ಮಾಡಿದ್ದಾನೆ. ಎರಡು ಟ್ರಾನ್ಸಿಸ್ಟರೂ ಹಳೆಯವೇ. ಈಗ ಅದು ಪ್ರಯೋಗಾಲಯದ ಕಪಾಟಿನಲ್ಲಿದೆ, ಪಕ್ಕದಲ್ಲಿ ಆರು ಹೊಸ ಸೆಲ್ಲೂ ಇವೆ. ದುಡ್ಡು ನನ್ನದು. ಕಟ್ಟಲು ಕಲಿಯಬೇಕೆನ್ನುವ ಮಕ್ಕಳು ಶನಿವಾರ ಮಧ್ಯಾಹ್ನ ಬರಲಿ, ಅವನೂ ಬರುತ್ತಾನೆ. ಐರನ್ ಎರಡೇ ಇರುವುದರಿಂದ ಒಂದು ಸಲಕ್ಕೆ ನಾಲ್ಕು ಜನ ಸಾಕು.